ಇದು ನಮ್ದು, ಇದು ಹೊರಗಿಂದು

ಭದ್ರಾವತಿಯ ಪೇಪರ್ ಮಿಲ್ ಯಾಕೆ ನಿಂತಿತು, ಊರಿನವರು ಈಗಲೂ ಅದನ್ನೇಕೆ ಅಷ್ಟು ನೆನೆಸಿಕೊಳ್ಳುತ್ತಾರೆ ಅಂತ ಕೇಳಿದ್ದೀರಿ. ನಾನು ಪೇಪರ್ ಟೌನಿನ ಕ್ವಾರ್ಟರ್ಸ್‌ನಲ್ಲಿ ಬೆಳೆದವನು. ಅಪ್ಪ ಅಲ್ಲೇ ಕೆಲಸಕ್ಕಿದ್ದರು, ಅಮ್ಮನ ತವರು ತೀರ್ಥಹಳ್ಳಿ ಕಡೆ. ಹಾಗಾಗಿ ಈ ಕತೆ ನನಗೆ ಎರಡು ತುದಿಯಿಂದ ಗೊತ್ತು.

ಬೆಂಕಿಪುರ ಅಂತ ಕರೆಸಿಕೊಳ್ಳುತ್ತಿದ್ದ ಈ ಊರಲ್ಲಿ 1923ರಿಂದಲೇ ಕಬ್ಬಿಣದ ಕಾರ್ಖಾನೆ ನಡೆಯುತ್ತಿತ್ತು. ಪಕ್ಕದಲ್ಲಿ ಭದ್ರಾ ಹೊಳೆ, ಸುತ್ತ ಬಿದಿರು ಕಾಡು. ಕಾಗದಕ್ಕೆ ಇನ್ನೇನು ಬೇಕು? ನಾಲ್ವಡಿಯವರ ಆಳ್ವಿಕೆ, ಮಿರ್ಜಾ ಇಸ್ಮಾಯಿಲ್ ದಿವಾನಗಿರಿಯ ಕಾಲದಲ್ಲಿ, 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ (ಮೈಸೂರು ಪೇಪರ್ ಮಿಲ್ಸ್, ಎಂಪಿಎಂ) ಸ್ಥಾಪನೆಯಾಯಿತು. 1977ರಲ್ಲಿ ಸರ್ಕಾರಿ ಕಂಪನಿಯಾಯಿತು. ಎಂಬತ್ತರ ದಶಕದ ಶುರುವಿನಲ್ಲಿ ವರ್ಷಕ್ಕೆ 75,000 ಟನ್ ಸಾಮರ್ಥ್ಯದ ನ್ಯೂಸ್‌ಪ್ರಿಂಟ್ (ಪತ್ರಿಕೆ ಅಚ್ಚುಹಾಕುವ ಕಾಗದ) ಘಟಕ ಬಂತು, ಬೆನ್ನಿಗೇ ಸಕ್ಕರೆ ಕಾರ್ಖಾನೆ. ಕಬ್ಬಿನ ರಸ ಸಕ್ಕರೆಗೆ, ಸಿಪ್ಪೆ ಕಾಗದಕ್ಕೆ. ಅಚ್ಚುಕಟ್ಟಾದ ಲೆಕ್ಕ.

ನಮಗೆ ಮಿಲ್ ಅಂದರೆ ಸೈರನ್. ಅದು ಕೂಗಿದರೆ ಅಮ್ಮ ಅನ್ನಕ್ಕಿಡುತ್ತಿದ್ದಳು. ಎಡಗಡೆ ಮನೆಯವರು ತಮಿಳರು, ಬಲಗಡೆಯವರು ಮಲಯಾಳಿಗಳು. ಜಗಳವಾಡುವಷ್ಟು ಮೂರೂ ಭಾಷೆ ನಮಗೆ ಬರುತ್ತಿತ್ತು. ಇನ್ನು ವಾಸನೆ. ಕಾಗದದ ತಿರುಳು ಬೇಯಿಸುವಾಗ ಬರುವ ಗಂಧಕದ ಆ ವಾಸನೆಗೆ ಮನೆಗೆ ಬಂದ ನೆಂಟರು ಮೂಗು ಮುಚ್ಚಿಕೊಂಡರೆ ನಮಗೆ ಆಶ್ಚರ್ಯ.

ಅಪ್ಪನಿಗೊಂದು ಚಟವಿತ್ತು. ಬೆಳಿಗ್ಗೆ ಪೇಪರ್ ಕೈಗೆ ಬಂದರೆ ಸುದ್ದಿಗಿಂತ ಮೊದಲು ಹಾಳೆಯ ಮೂಲೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡೋರು. ‘ಇದು ನಮ್ದು’ ಅಥವಾ ‘ಇದು ಹೊರಗಿಂದು ಕಣೋ’ ಅಂತ ತೀರ್ಪು ಕೊಟ್ಟ ಮೇಲೇ ಓದು. ನಾನು ಕಾಲೇಜು ಸೇರುವ ಹೊತ್ತಿಗೆ ‘ಹೊರಗಿಂದು’ ಅನ್ನುವ ದಿನಗಳೇ ಜಾಸ್ತಿಯಾಗಿದ್ದವು. ಮಿಲ್ ಯಾಕೆ ನಿಂತಿತು ಅನ್ನುವುದಕ್ಕೆ ಅರ್ಧ ಉತ್ತರ ಅದರಲ್ಲೇ ಇದೆ. ಉದಾರೀಕರಣದ ನಂತರ ಆಮದು ನ್ಯೂಸ್‌ಪ್ರಿಂಟ್ ಸಲೀಸಾಗಿ ಸಿಗತೊಡಗಿತು. ಇಲ್ಲಿ ಯಂತ್ರಗಳಿಗೆ ವಯಸ್ಸಾಗಿತ್ತು, ಕರೆಂಟು ಕಲ್ಲಿದ್ದಲಿನ ಖರ್ಚು ಏರುತ್ತಲೇ ಇತ್ತು. 2015ರಲ್ಲಿ ಉತ್ಪಾದನೆ ನಿಂತಿತು. ಆಮೇಲೆ ಸ್ವಯಂ ನಿವೃತ್ತಿ, ಒಂದೊಂದೇ ಮನೆಗೆ ಬೀಗ.

ಇನ್ನರ್ಧ ಉತ್ತರ ಕಾಡಿನದು, ಅದನ್ನು ಭದ್ರಾವತಿಯಲ್ಲಿ ಯಾರೂ ಹೇಳುವುದಿಲ್ಲ. ಮಲೆನಾಡಿನ ಬಿದಿರು ತೀರುತ್ತಾ ಬಂದಿತ್ತು. ಇಲ್ಲಿ ಮಾತ್ರವಲ್ಲ, ದಾಂಡೇಲಿಯ ಕಾಗದದ ಮಿಲ್ಲಿಗೆ ಬಿದಿರು ಹೋಗುತ್ತಿದ್ದ ಉತ್ತರ ಕನ್ನಡದಲ್ಲೂ ಇದೇ ಪಾಡು. ಎಪ್ಪತ್ತರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಅಲ್ಲಿ ಅಧ್ಯಯನ ಮಾಡಿದಾಗ ಕಂಡದ್ದು ಕುತೂಹಲದ ಸಂಗತಿ. ಬಿದಿರ ಮೆಳೆ ಚೆನ್ನಾಗಿ ಬೆಳೆಯಲಿ ಅಂತ ಬುಡದ ಮುಳ್ಳನ್ನೆಲ್ಲ ಸವರಿಸುತ್ತಿದ್ದರಂತೆ. ಮುಳ್ಳು ಹೋದದ್ದೇ ತಡ, ಎಳೆ ಕಳಲೆಯನ್ನು, ಅಂದರೆ ಬಿದಿರಿನ ಮೊಳಕೆಯನ್ನು, ದನ, ಕಾಡುಪ್ರಾಣಿಗಳು ಮೇಯ್ದು ಮುಗಿಸಿದವು. ಹಳ್ಳಿಯವರಿಗೆ ಇದು ಮೊದಲೇ ಗೊತ್ತಿತ್ತು. ಬುಟ್ಟಿ ಹೆಣೆಯುವ ಮೇದಾರರು ಒಂದೊಂದು ಗಳಕ್ಕೂ ದುಬಾರಿ ದುಡ್ಡು ಕೊಡಬೇಕಿದ್ದರೆ, ಮಿಲ್ಲಿಗೆ ಅದೇ ಬಿದಿರು ಚಿಲ್ಲರೆ ಕಾಸಿಗೆ ಹೋಗುತ್ತಿತ್ತು.

ಬಿದಿರಿನ ಬದಲಿಗೆ ನೀಲಗಿರಿ, ಅಕೇಶಿಯಾ ಬಂದವು. 1980ರಲ್ಲಿ ಸರ್ಕಾರ ಎಂಪಿಎಂಗೆ ಸುಮಾರು 30,000 ಹೆಕ್ಟೇರ್ ಅರಣ್ಯಭೂಮಿಯನ್ನು 40 ವರ್ಷದ ಗುತ್ತಿಗೆಗೆ ಕೊಟ್ಟಿತು. ತಮಾಷೆ ನೋಡಿ: ಮಿಲ್ ನಿಂತರೂ ತೋಪು ನಿಲ್ಲಲಿಲ್ಲ. 2020ರಲ್ಲಿ ಗುತ್ತಿಗೆ ಮುಗಿದಾಗ ಇನ್ನೂ 40 ವರ್ಷಕ್ಕೆ ವಿಸ್ತರಿಸಿದರು. ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಅಂತ ಮಲೆನಾಡಿನವರು ಹೋರಾಟಕ್ಕಿಳಿದದ್ದು ಆಗಲೇ. ಭದ್ರಾವತಿಯಲ್ಲಿ ನೀವು ಯಾರನ್ನೇ ಕೇಳಿ, ಮಿಲ್ ಮತ್ತೆ ಶುರುವಾಗಲಿ ಅನ್ನುತ್ತಾರೆ. ಎಂಬತ್ತು ಕಿಲೋಮೀಟರ್ ಆಚೆ, ತೀರ್ಥಹಳ್ಳಿ ಕಡೆ ಹೋಗಿ ಅದೇ ಮಾತು ಹೇಳಿದರೆ ಕಾಫಿ ಕೊಡುವುದೂ ಅನುಮಾನ. ನನ್ನ ಕೇಳಿದರೆ ಇಬ್ಬರ ಮಾತೂ ಸರಿ, ಆದರೆ ಕಾಡಿನ ಲೆಕ್ಕ ಬಿಟ್ಟು ಮಿಲ್ಲಿನ ಲೆಕ್ಕ ಹಾಕಿದ್ದೇ ಮೊದಲ ತಪ್ಪು.

ಅಪ್ಪ ಈಗ ಅಜ್ಜಿ ಮನೆಗೆ ಬಂದರೆ ಗುಡ್ಡದ ಅಕೇಶಿಯಾ ನೋಡುತ್ತಾ ‘ಇಷ್ಟೊತ್ತಿಗೆ ಕಡಿಬೇಕಿತ್ತು, ತಿರುಳಿಗೆ ವಯಸ್ಸು ಮೀರ್ತು’ ಅನ್ನುತ್ತಾರೆ. ಅಜ್ಜಿ ಒಳಗಿನಿಂದಲೇ ಕೇಳುತ್ತಾರೆ: ‘ಅದರ ಬುಡದಲ್ಲಿ ಕಳಲೆ ಬರ್ತದಾ, ನೋಡಿ ಹೇಳಿ.’