ನೀರಿಗೇ ಇಳಿಯಬಾರದು ಅಂದ್ರೆ ಬೀಚಿಗೆ ಯಾಕೆ ಹೋಗ್ಬೇಕು?

ತಿಪಟೂರಿನ ಸೋದರಿಗೆ ನಮಸ್ಕಾರ.

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಆದರೆ ಉಳಿದ ಓದುಗರಿಗೆ ತಲೆಬುಡ ಗೊತ್ತಾಗಬೇಕಲ್ಲ, ಅದಕ್ಕೆ ನಿಮ್ಮ ಪತ್ರದ ತಿರುಳು ಇಷ್ಟು. ಜನವರಿಯಲ್ಲಿ ನೀವು, ಯಜಮಾನರು, ಇಬ್ಬರು ಮಕ್ಕಳು, ಜೊತೆಗೆ ಅತ್ತೆಯವರು ಅಂಡಮಾನ್‌ಗೆ ಹೊರಟಿದ್ದೀರಿ. ಹ್ಯಾವ್‌ಲಾಕ್ ದ್ವೀಪದ ರಾಧಾನಗರ ಬೀಚಿನ ಮಗ್ಗುಲಲ್ಲಿ ನೀಲ್ಸ್ ಕೋವ್ ಎಂಬ ಪುಟ್ಟ ಬೀಚಿದೆ. ಅದರ ಫೋಟೋ ನೋಡಿದಾಗಿನಿಂದ ನಿಮ್ಮ ಮನಸ್ಸು ಅಲ್ಲೇ ಇದೆ. "ಅಲ್ಲಿ ಮೊಸಳೆ ಇದೆ, ಮಕ್ಕಳನ್ನ ಕರ್ಕೊಂಡು ಹೋಗ್ಬೇಡ" ಅಂತ ಅಣ್ಣ ಫೋನ್ ಮಾಡಿ ಬೈದಿದ್ದಾರೆ. ಪ್ಯಾಕೇಜ್ ಟೂರಿನವನು "ಏನೂ ಇಲ್ಲ ಮೇಡಂ, ದಿನಾ ಜನ ಹೋಗ್ತಾರೆ" ಅಂದಿದ್ದಾನೆ. ಯಾರ ಮಾತು ನಂಬಲಿ ಅನ್ನೋದು ನಿಮ್ಮ ಮೊದಲ ಪ್ರಶ್ನೆ. ಎರಡನೆಯದನ್ನು ಸ್ವಲ್ಪ ಸಿಟ್ಟಿನಲ್ಲೇ ಬರೆದಿದ್ದೀರಿ: "ನೀರಿಗೇ ಇಳಿಯಬಾರದು ಅಂದ್ರೆ ಅಷ್ಟು ದೂರ ಯಾಕೆ ಹೋಗ್ಬೇಕು?"

ಅಣ್ಣನ ಮಾತು ನಂಬಿ. ಆದರೆ ಪೂರ್ತಿ ಕೇಳಬೇಡಿ. ಹೋಗಿ, ನೋಡಿ, ಒಂದೆರಡು ಗಂಟೆ ಕೂತು ಬನ್ನಿ. ಅಲ್ಲಿ ನೀರಿಗೆ ಮಾತ್ರ ಇಳಿಯಬೇಡಿ.

ಟೂರಿನವನು ಸುಳ್ಳು ಹೇಳಿದ ಅಂತ ನಾನು ಹೇಳೋದಿಲ್ಲ. ದಿನಾ ಜನ ಹೋಗ್ತಾರೆ ಅನ್ನೋದು ನಿಜ. ಬಹುಪಾಲು ದಿನ ಏನೂ ಆಗೋದಿಲ್ಲ ಅನ್ನೋದೂ ನಿಜ. ಆದರೆ 2010ರ ಏಪ್ರಿಲ್‌ನಲ್ಲಿ ಇದೇ ಜಾಗದಲ್ಲಿ ಸ್ನಾರ್ಕ್ಲಿಂಗ್ ಮಾಡುತ್ತಿದ್ದ ಅಮೆರಿಕದ ಯುವತಿಯೊಬ್ಬಳನ್ನು ಮೊಸಳೆ ಹಿಡಿಯಿತು. ಆಕೆ ಉಳಿಯಲಿಲ್ಲ. ಅಲ್ಲಿ ಮೊಸಳೆ ಎಚ್ಚರಿಕೆಯ ಬೋರ್ಡ್ ಇದೆ. ಸರ್ಕಾರದ ಬೋರ್ಡುಗಳಲ್ಲಿ ಸುಮ್ನೆ ಹಾಕಿದವು ಎಷ್ಟೋ ಇರುತ್ತವೆ, ಇದು ಅಂಥದ್ದಲ್ಲ.

ನಮ್ಮ ಕಡೆಯವರಿಗೆ ಮೊಸಳೆ ಅಂದರೆ ರಂಗನತಿಟ್ಟಿನದು ನೆನಪಾಗುತ್ತದೆ. ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯುತ್ತಾ ಬಿದ್ದಿರುತ್ತದೆ, ದೋಣಿ ಹತ್ತಿರ ಹೋದರೂ ಅಲ್ಲಾಡುವುದಿಲ್ಲ. ದಾಂಡೇಲಿಯ ಕಾಳಿ ನದಿಯಲ್ಲಿರುವುದೂ ಅದೇ ಜಾತಿ, ಸಿಹಿನೀರಿನದು. ಅಂಡಮಾನಿನದು ಬೇರೆ. ಅದು ಉಪ್ಪುನೀರಿನ ಮೊಸಳೆ. ಬದುಕಿರುವ ಮೊಸಳೆ ಜಾತಿಗಳಲ್ಲೆಲ್ಲ ಇದೇ ದೊಡ್ಡದು. ಗಂಡು 5 ಮೀಟರ್ ದಾಟುವುದುಂಟು. ಇದರ ನಾಲಗೆಯಲ್ಲಿ ಹೆಚ್ಚಿನ ಉಪ್ಪನ್ನು ಹೊರಹಾಕುವ ಗ್ರಂಥಿಗಳಿವೆ. ಹಾಗಾಗಿ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಹಳ್ಳ ಬಿಟ್ಟು ಸಮುದ್ರಕ್ಕೆ ಬಂದರೂ ಇದಕ್ಕೆ ತೊಂದರೆ ಇಲ್ಲ. ಸೆಳವು ಹಿಡಿದು ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗಿಬಿಡುತ್ತದೆ. ಒಂದು ಕಾಲದಲ್ಲಿ ಚರ್ಮದ ಆಸೆಗೆ ಜನ ಇವನ್ನು ಬೇಟೆಯಾಡಿ ಮುಗಿಸುತ್ತಾ ಬಂದಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ರಕ್ಷಣೆ ಸಿಕ್ಕಿತು, ಸಂಖ್ಯೆ ಚೇತರಿಸಿಕೊಂಡಿತು. ಅದು ಒಳ್ಳೆಯ ಸುದ್ದಿಯೇ. ಅದರ ಜೊತೆ ಬಾಳುವ ಕಷ್ಟವೂ ಬಂತು, ಅಷ್ಟೆ.

ಈಗ ಆ ಪುಟ್ಟ ಬೀಚನ್ನು ಮೊಸಳೆಯ ಕಣ್ಣಿನಿಂದ ನೋಡಿ. ಅಲೆ ಇಲ್ಲದ ಶಾಂತ ನೀರು, ದಡದವರೆಗೂ ಬಂದ ಕಾಡು, ಜನ ಕಡಿಮೆ. ನಿಮಗೆ ಫೋಟೋದಲ್ಲಿ ಇಷ್ಟವಾದ ಮೂರೂ ಅದಕ್ಕೂ ಇಷ್ಟ! ದೊಡ್ಡ ಬೀಚಿನಲ್ಲಿ ಅಲೆ, ಗಲಾಟೆ, ಕಾವಲು ಎಲ್ಲಾ ಇದೆ. ಇಲ್ಲಿ ಅದೇನೂ ಇಲ್ಲ.

ಈಜು ಬೇಕು ಅಂತಿದ್ದರೆ ರಾಧಾನಗರದಲ್ಲೇ ಈಜಿ. ಬೀಚ್ ಸುಮಾರು 2 ಕಿಲೋಮೀಟರ್ ಉದ್ದ ಇದೆ. ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆ 2020ರಲ್ಲಿ ಸಿಕ್ಕಿದೆ, ಲೈಫ್‌ಗಾರ್ಡ್ ಇರುತ್ತಾರೆ, ಎಲ್ಲಿ ಇಳಿಯಬೇಕು ಅಂತ ಗುರುತು ಇರುತ್ತದೆ. ಮಕ್ಕಳು ಗುರುತಿನೊಳಗೇ ಇರಲಿ. ಬೆಳಗಿನ ಮಬ್ಬಿನಲ್ಲಿ, ಸಂಜೆ ಮಬ್ಬಿನಲ್ಲಿ ಬೇಡ. ಸೀಟಿ ಊದಿ ಕರೆದರೆ "ಇನ್ನೊಂದೈದು ನಿಮಿಷ" ಅನ್ನದೆ ಹೊರಗೆ ಬನ್ನಿ. ಈ ಐದು ನಿಮಿಷದ ಚೌಕಾಸಿಯಲ್ಲಿ ನಮ್ಮವರನ್ನು ಮೀರಿಸಿದವರಿಲ್ಲ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ನನಗೆ ನಿಜವಾಗಿ ಇಷ್ಟವಾದದ್ದು ಅದೇ.

ರಾಧಾನಗರದಲ್ಲಿ ಸಮುದ್ರಕ್ಕೆ ಮುಖ ಮಾಡಿ ನಿಂತರೆ ನೀಲ್ಸ್ ಕೋವ್ ನಿಮ್ಮ ಬಲಗಡೆಯ ತುದಿಗೆ. ಮರಳಿನ ಮೇಲೆ ನಡೆಯುತ್ತಾ ಹೋಗಬೇಕು. ಮೊದಲು ಫೋಟೋ ತೆಗೆಸಿಕೊಳ್ಳುವವರ ಗುಂಪು ಮುಗಿಯುತ್ತದೆ. ಆಮೇಲೆ ಜೋಡಿಗಳು ಮುಗಿಯುತ್ತಾರೆ. ಆಮೇಲೆ ಹೆಜ್ಜೆ ಗುರುತೂ ಕಡಿಮೆಯಾಗುತ್ತದೆ. ಎಡಕ್ಕೆ ನೀರು, ಬಲಕ್ಕೆ ಅಲ್ಲಿಯವರು ಸಮುದ್ರ ಮಹುವಾ ಅನ್ನುವ ಎತ್ತರದ ಮರಗಳು. ಕೊನೆಗೆ ಕಲ್ಲುಗಳು, ಅದರಾಚೆ ಅರ್ಧ ಬಳೆಯಂತೆ ಒಳಕ್ಕೆ ಬಾಗಿದ ದಡ. ಆ ತಿರುವು ದಾಟಿದ ತಕ್ಷಣ ದೊಡ್ಡ ಬೀಚಿನ ಅಲೆಯ ಸದ್ದು ಕೆಳಗಿಳಿಯುತ್ತದೆ. ಅತ್ತೆಯವರಿಗೆ ಮರಳಲ್ಲಿ ಅಷ್ಟು ನಡೆಯುವುದು ಕಷ್ಟವಾದರೆ ಒತ್ತಾಯ ಮಾಡಬೇಡಿ. ರಾಧಾನಗರದ ಮರದ ನೆರಳೇ ಸಾಕಷ್ಟು ಚೆನ್ನಾಗಿದೆ.

ಹೋಗುವ ಹೊತ್ತು ಮುಖ್ಯ. ನೀರು ಇಳಿದಿರುವಾಗ ಹೋಗಿ. ಇಳಿತದಲ್ಲಿ ಹಸಿ ಮರಳು ಹೊರಬಿದ್ದು, ಕೂರಲು, ಓಡಾಡಲು ಜಾಗ ಸಿಗುತ್ತದೆ. ಉಬ್ಬರದಲ್ಲಿ ಕಲ್ಲಿನ ಕಡೆ ದಾರಿ ಕಿರಿದಾಗುತ್ತದೆ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಹೊತ್ತು ಪ್ರತಿದಿನ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ಮುಂದಕ್ಕೆ ಹೋಗುತ್ತದೆ. ಸರಿಯಾದ ಸಮಯಕ್ಕೆ ಮೊಬೈಲಿನಲ್ಲಿ ಪೋರ್ಟ್ ಬ್ಲೇರ್‌ನ ಉಬ್ಬರ-ಇಳಿತದ ಪಟ್ಟಿ ನೋಡಿ. ಅತ್ತೆಯವರ ಹತ್ತಿರ ಪಂಚಾಂಗ ಇದ್ದರೆ ಅದೂ ಉಪಯೋಗಕ್ಕೆ ಬರುತ್ತದೆ: ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುತ್ತಮುತ್ತ ಆಟ ಕಡಿಮೆ.

ನೀರು ಇಳಿದ ಮೇಲೆ ಮಕ್ಕಳನ್ನು ಒಣ ಮರಳಿನ ಅಂಚಿನಲ್ಲಿ ಕೂರಿಸಿ. ಮಾತಾಡಬೇಡಿ, ಅಲ್ಲಾಡಬೇಡಿ ಅಂತ ಹೇಳಿ. ಸ್ವಲ್ಪ ಹೊತ್ತಿಗೆ ಹಸಿ ಮರಳಿನಲ್ಲಿ ಪೆನ್ಸಿಲ್ ಗಾತ್ರದ ತೂತುಗಳಿಂದ ಏಡಿಗಳು ಹೊರಬರುತ್ತವೆ. ಕಿರುಬೆರಳ ಉಗುರಿಗಿಂತ ಚಿಕ್ಕವು, ಬಣ್ಣವೂ ಮರಳಿನದೇ. ಅಲ್ಲಾಡಿದರೆ ಮಾತ್ರ ಕಾಣುತ್ತವೆ. ಎರಡು ಕೈಯಲ್ಲಿ ಮರಳು ತೆಗೆದು ಬಾಯಿಗಿಟ್ಟು, ಅದಕ್ಕೆ ಅಂಟಿದ ಪಾಚಿಯನ್ನು ತಿಂದು, ಉಳಿದ ಮರಳನ್ನು ಉಂಡೆ ಕಟ್ಟಿ ಕಾಲ ಹಿಂದಕ್ಕೆ ತಳ್ಳುತ್ತವೆ. ಮತ್ತೆ ಒಂದು ಹೆಜ್ಜೆ, ಮತ್ತೆ ಒಂದು ಉಂಡೆ. ನೋಡನೋಡುತ್ತಿದ್ದಂತೆ ತೂತಿನ ಸುತ್ತ ಸಾಸಿವೆಗಿಂತ ಸ್ವಲ್ಪ ದಪ್ಪನೆಯ ಉಂಡೆಗಳ ಸಾಲು ಬಿದ್ದಿರುತ್ತದೆ. ತೂತಿನಿಂದ ಹೊರಕ್ಕೆ ಒಂದು ದಾರಿ ಮಾತ್ರ ಖಾಲಿ ಬಿಟ್ಟಿರುತ್ತವೆ. ಯಾಕೆ ಅಂತ ಗೊತ್ತಾಗಬೇಕಾದರೆ ಒಮ್ಮೆ ಕೈ ಎತ್ತಿ ನೋಡಿ. ಎಲ್ಲವೂ ಅದೇ ದಾರಿಯಲ್ಲಿ ಒಳಗೆ ಓಡಿ ಮಾಯ. ಮುಂದಿನ ಉಬ್ಬರ ಬಂದು ಅಷ್ಟೂ ರಂಗೋಲಿಯನ್ನು ಅಳಿಸುತ್ತದೆ, ನಾಳೆ ಮತ್ತೆ ಹೊಸದಾಗಿ ಶುರು.

ಇದನ್ನು ರಾಧಾನಗರದ ಮಧ್ಯದಲ್ಲಿ ನೋಡೋಕೆ ಆಗೋದಿಲ್ಲ ಅಂತಲ್ಲ. ಆದರೆ ಅಲ್ಲಿ ಯಾರಾದರೂ ಓಡಿಬಂದು ತುಳಿದೇ ತುಳಿಯುತ್ತಾರೆ, ಏಡಿ ಹೊರಗೆ ಬರೋದೇ ಇಲ್ಲ. ಪುಟ್ಟ ಬೀಚಿನಲ್ಲಿ ನಿಮಗೆ ಸಿಗುವುದು ಆ ಬಿಡುವು. ಅದಕ್ಕೇ ಅಷ್ಟು ದೂರ ಹೋಗಬೇಕು ಅಂತ ನನ್ನ ಅಭಿಪ್ರಾಯ.

ಶಂಖದೊಳಗೆ ಮನೆ ಮಾಡುವ ಸನ್ಯಾಸಿ ಏಡಿಗಳೂ ಅಲ್ಲಿವೆ. ಬೆಳೆದಂತೆ ಹಳೇ ಶಂಖ ಬಿಗಿಯಾಗುತ್ತದೆ, ದೊಡ್ಡದು ಹುಡುಕಿಕೊಂಡು ಹೊರಡುತ್ತವೆ. ಶಂಖ ಸಿಗದಿದ್ದರೆ ಬಾಟಲಿ ಮುಚ್ಚಳವನ್ನೇ ಹೊತ್ತು ತಿರುಗುತ್ತವೆ. ಅಂಥದ್ದೊಂದನ್ನು ನಾನೇ ನೋಡಿದ್ದೇನೆ, ನೀಲಿ ಮುಚ್ಚಳ. ಹಾಗಾಗಿ ಮಕ್ಕಳು ಚಿಪ್ಪು, ಶಂಖ, ಹವಳದ ಚೂರು ಬ್ಯಾಗಿಗೆ ತುಂಬದಂತೆ ನೋಡಿಕೊಳ್ಳಿ. ಸತ್ತ ಹವಳ ತಾನೇ ಅಂತ ತಂದರೂ ಅದು ಕಾನೂನಿಗೆ ವಿರುದ್ಧ. ವಿಮಾನ ನಿಲ್ದಾಣದಲ್ಲಿ ಬ್ಯಾಗ್ ತೆಗೆಸುತ್ತಾರೆ. ಹವಳಕ್ಕೆ ಮೊದಲೇ ಕಷ್ಟ ಬೇಕಾದಷ್ಟಿದೆ. 2010ರಲ್ಲಿ ಸಮುದ್ರದ ನೀರು ಕಾದು ಅಂಡಮಾನಿನ ಹವಳ ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡಿತ್ತು, 2016ರಲ್ಲಿ ಮತ್ತೊಮ್ಮೆ.

ಒಂದು ಕಿರಿಕಿರಿಯನ್ನೂ ಹೇಳಿಬಿಡುತ್ತೇನೆ. ಸ್ಯಾಂಡ್ ಫ್ಲೈ ಅನ್ನುವ ನೊಣ. ಕಣ್ಣಿಗೆ ಕಾಣದಷ್ಟು ಸಣ್ಣದು, ಕಚ್ಚಿದ್ದು ಆಗ ಗೊತ್ತೇ ಆಗುವುದಿಲ್ಲ, ರಾತ್ರಿ ತುರಿಕೆ ಶುರುವಾಗುತ್ತದೆ. ಬೆಳಿಗ್ಗೆ ಬೇಗ ಮತ್ತು ಸಂಜೆ ಜಾಸ್ತಿ. ಕಾಲು ಮುಚ್ಚುವ ಬಟ್ಟೆ ಹಾಕಿ, ಕೂರಲು ದಪ್ಪ ಬೆಡ್‌ಶೀಟ್ ತನ್ನಿ, ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಎಣ್ಣೆಗೆ ನಿಮ್ಮೂರಲ್ಲಿ ಬರ ಇಲ್ಲ.

ಟೂರಿನವನ ಹತ್ತಿರ ಎರಡು ವಿಷಯ ಖಚಿತಪಡಿಸಿಕೊಳ್ಳಿ. ನೀಲ್ಸ್ ಕೋವ್ ಇರುವುದು ನೀಲ್ ದ್ವೀಪದಲ್ಲಿ ಅಲ್ಲ. ಹೆಸರು ಕೇಳಿ ಎಷ್ಟೋ ಜನ ಹಾಗೆ ತಿಳಿಯುತ್ತಾರೆ. ಅದು ಹ್ಯಾವ್‌ಲಾಕ್‌ನಲ್ಲೇ ಇದೆ. 2018ರ ಡಿಸೆಂಬರ್‌ನಿಂದ ಹ್ಯಾವ್‌ಲಾಕ್ ಸ್ವರಾಜ್ ದ್ವೀಪ ಆಗಿದೆ, ನೀಲ್ ಶಹೀದ್ ದ್ವೀಪ ಆಗಿದೆ. ಪೋರ್ಟ್ ಬ್ಲೇರ್ 2024ರಿಂದ ಶ್ರೀ ವಿಜಯಪುರಂ. ಟಿಕೆಟ್ ಮೇಲೆ ಒಂದು, ಡ್ರೈವರ್ ಬಾಯಲ್ಲಿ ಇನ್ನೊಂದು ಹೆಸರು ಬಂದರೆ ಗಾಬರಿಯಾಗಬೇಡಿ.

ಎರಡನೆಯದು ಸಮಯ. ರಾಧಾನಗರ ಪಡುವಣ ದಿಕ್ಕಿಗಿದೆ, ಸೂರ್ಯಾಸ್ತಕ್ಕೆ ಹೆಸರುವಾಸಿ. ಪ್ಯಾಕೇಜಿನವರು ಎಲ್ಲರನ್ನೂ ಅದೇ ಹೊತ್ತಿಗೆ ತಂದು ಸುರಿಯುತ್ತಾರೆ. ಅಂಡಮಾನ್ ತಿಪಟೂರಿಗಿಂತ ಅಷ್ಟು ಪೂರ್ವಕ್ಕಿದ್ದರೂ ಗಡಿಯಾರ ಒಂದೇ. ಹಾಗಾಗಿ ಜನವರಿಯಲ್ಲಿ ಅಲ್ಲಿ 5 ಗಂಟೆ ದಾಟಿ ಸ್ವಲ್ಪ ಹೊತ್ತಿಗೇ ಸೂರ್ಯ ಮುಳುಗುತ್ತದೆ, ನಿಮ್ಮೂರಿಗಿಂತ ಸುಮಾರು ಒಂದು ಗಂಟೆ ಮೊದಲು. ನಾಲ್ಕಕ್ಕೆ ಬಂದವರು ಕೋವ್ ಕಡೆ ಹೋಗುವಷ್ಟರಲ್ಲಿ ಕತ್ತಲು, ಮೊಸಳೆ ಜಾಗದಲ್ಲಿ ಕತ್ತಲಾಗಬಾರದು. "ನಮ್ಮನ್ನು ಬೆಳಿಗ್ಗೆ 8ಕ್ಕೆ ಬಿಟ್ಟುಬಿಡಿ, ಮಧ್ಯಾಹ್ನ ಬಂದು ಕರೆದುಕೊಂಡು ಹೋಗಿ" ಅಂತ ಈಗಲೇ ಹೇಳಿ. ಒಪ್ಪದಿದ್ದರೆ ಜೆಟ್ಟಿಯ ಹತ್ತಿರ ಆಟೋ ಸಿಗುತ್ತದೆ, ರಾಧಾನಗರಕ್ಕೆ ಬಸ್ಸೂ ಇದೆ. ಯಾರ ಹಂಗೂ ಬೇಡ.

ಉಳಿದ ಸಣ್ಣಪುಟ್ಟ ಪ್ರಶ್ನೆಗಳು. ಈಜುವ ಆನೆ ನೋಡಬಹುದಾ ಅಂತ ಮಗ ಕೇಳಿದ್ದಾನೆ. ಅವನು ವಿಡಿಯೋದಲ್ಲಿ ನೋಡಿದ್ದು ರಾಜನ್ ಎಂಬ ಆನೆಯನ್ನು. ಮರ ಸಾಗಿಸುವ ಕೆಲಸಕ್ಕೆ ದ್ವೀಪಕ್ಕೆ ತಂದ ಆನೆ ಅದು. 2016ರಲ್ಲಿ ತೀರಿಕೊಂಡಿತು. ಅತ್ತೆಯವರ ಊಟದ ಚಿಂತೆ ಬೇಡ. 1950ರ ದಶಕದಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ನೆಲೆಸಿದ ದ್ವೀಪ, ಹಾಗಾಗಿ ಮೀನಿನ ಹೋಟೆಲ್ ಹೆಚ್ಚು. ಆದರೆ ಅನ್ನ, ಬೇಳೆ, ಪಲ್ಯ ಎಲ್ಲಾ ಕಡೆ ಸಿಗುತ್ತದೆ, ಇಡ್ಲಿ ದೋಸೆಯೂ ಉಂಟು. ಮೊಸರು ಮೊದಲೇ ಹೇಳಿಟ್ಟರೆ ಒಳ್ಳೆಯದು.

ಎಳನೀರು ಬೇಕಾದಷ್ಟಿದೆ. ತಿಪಟೂರಿನವರ ಬಾಯಿಗೆ ಅದು ಹೇಗೆ ಹಿಡಿಸಿತು ಅಂತ ವಾಪಸ್ ಬಂದ ಮೇಲೆ ಬರೆಯಿರಿ. ಆ ಪತ್ರಕ್ಕೂ ಹೆಸರು ಹಾಕೋದಿಲ್ಲ.

– ಸಂಪಾದಕ