ಆರ್ಡರ್ ಐಡಿ ಬಂತು, ಟೋಕನ್ ಏಕೆ ಬರಲಿಲ್ಲ?

ಪ್ರಶ್ನೆ: ಕ್ರಿಪ್ಟೋ ಟೋಕನ್‌ಗಳ ವಿನಿಮಯ ವೇದಿಕೆಯಾದ ಕೌ ಪ್ರೋಟೋಕಾಲ್‌ನ ಎಪಿಐ ಬಳಸಿ 1000 ಯುಎಸ್‌ಡಿಸಿ (ಡಾಲರ್‌ಗೆ ಕಟ್ಟಿದ ಟೋಕನ್) ಮಾರಿ ವ್ರ್ಯಾಪ್ಡ್ ಈಥರ್ (ಈಥರ್‌ನ ಟೋಕನ್ ರೂಪ) ಕೊಳ್ಳುವ ಸ್ಕ್ರಿಪ್ಟ್ ಬರೆದಿದ್ದೇನೆ. ಕೋಟ್ (ಅಂದಾಜು ದರ) ಪಡೆದು, ಸಹಿ ಹಾಕಿ ಕಳಿಸಿದೆ. ಆರ್ಡರ್ ಐಡಿ ಬಂತು. ಇಥೀರಿಯಂ ವಹಿವಾಟುಗಳನ್ನು ತೋರಿಸುವ ಈಥರ್‌ಸ್ಕ್ಯಾನ್‌ನಲ್ಲಿ ಹುಡುಕಿದರೆ ವಹಿವಾಟೇ ಇಲ್ಲ, ಗ್ಯಾಸ್ (ವಹಿವಾಟು ಶುಲ್ಕ) ಕೂಡ ಕಡಿತವಾಗಿಲ್ಲ. ಮತ್ತೊಮ್ಮೆ ಕಳಿಸಲೇ?

ಉತ್ತರ: ದಯವಿಟ್ಟು ಈಗಲೇ ಕಳಿಸಬೇಡಿ. ನಿಮ್ಮ ಕೈಗೆ ಬಂದಿರುವುದು ಟ್ರಾನ್ಸಾಕ್ಷನ್ ಹ್ಯಾಶ್ (ಬ್ಲಾಕ್‌ಚೈನ್‌ಗೆ ಹೋದ ವಹಿವಾಟಿನ ಗುರುತು) ಅಲ್ಲ. ‘ಇಷ್ಟು ಕೊಡುತ್ತೇನೆ, ಕನಿಷ್ಠ ಇಷ್ಟು ಬೇಕು, ಇಷ್ಟು ಹೊತ್ತಿನೊಳಗೆ’ ಎಂದು ಇಐಪಿ-712 (ಇಥೀರಿಯಂನ ಸಹಿ ಮಾನದಂಡ) ಮಾದರಿಯಲ್ಲಿ ನೀವು ಸಹಿ ಮಾಡಿದ ಬೇಡಿಕೆಯ ಗುರುತು ಅದು. ಸಾಲ್ವರ್‌ಗಳು, ಅಂದರೆ ಆರ್ಡರ್ ಪೂರೈಸುವವರು, ಪೈಪೋಟಿಯಲ್ಲಿ ದಾರಿ ಹುಡುಕಿ, ಗೆದ್ದವರು ಅದನ್ನು ಚೈನ್‌ಗೆ ಒಯ್ಯುತ್ತಾರೆ. ಗ್ಯಾಸ್ ಕಟ್ಟುವವರೂ ಅವರೇ. ಆ ಖರ್ಚು ನಿಮ್ಮ ವಹಿವಾಟಿನ ಮೊತ್ತದಲ್ಲೇ ವಸೂಲಾಗುತ್ತದೆ.

ಮೊದಲು ಆರ್ಡರ್‌ನ ಸ್ಥಿತಿಯನ್ನು ಎಪಿಐಯಲ್ಲೇ ಕೇಳಿ. ‘ಓಪನ್’ ಎಂದಿದ್ದರೆ ನನ್ನ ಅನುಮಾನ ಕನಿಷ್ಠ ಮೊತ್ತದ ಮೇಲೆ. ಕೋಟ್‌ನಲ್ಲಿ 0.4 ಈಥರ್ ಬಂತು ಎಂದುಕೊಳ್ಳಿ. ಅದನ್ನೇ ಯಥಾವತ್ತಾಗಿ ಸಹಿ ಮಾಡಿದರೆ, ದರ ಕೂದಲೆಳೆಯಷ್ಟು ಜಾರಿದರೂ ಯಾವ ಸಾಲ್ವರೂ ಮುಟ್ಟಲಾರ. ಶೇ 0.5 ಸ್ಲಿಪೇಜ್ (ದರ ಜಾರಲು ಕೊಡುವ ಅವಕಾಶ) ಬಿಟ್ಟರೆ ಮಿತಿ 0.398. ಇದನ್ನು ಬರೆಯುವುದು 18 ದಶಮಾಂಶದ ಲೆಕ್ಕದಲ್ಲಿ, 398000000000000000 ಎಂದು; ಯುಎಸ್‌ಡಿಸಿಗೆ 6 ದಶಮಾಂಶ, ಅಂದರೆ 1000000000. ಜಾವಾಸ್ಕ್ರಿಪ್ಟ್ ಆದರೆ ಸಾಮಾನ್ಯ ನಂಬರ್ ಬೇಡ, ದೊಡ್ಡ ಪೂರ್ಣಾಂಕಗಳನ್ನು ನಿಖರವಾಗಿಡುವ ಬಿಗ್‌ಇಂಟ್ ಬಳಸಿ. ಕಳಿಸುವಾಗ ಸ್ಟ್ರಿಂಗ್ ಮಾಡಿ.

ಅಪ್ರೂವಲ್ (ನಿಮ್ಮ ಟೋಕನ್ ತೆಗೆದುಕೊಳ್ಳುವ ಅನುಮತಿ) ಕೊಟ್ಟಿದ್ದು ಯಾರಿಗೆ ಎಂದೂ ನೋಡಿ. ಅದು ಟೋಕನ್ ಎಳೆದುಕೊಳ್ಳುವ ವಾಲ್ಟ್ ರಿಲೇಯರ್ ಕಾಂಟ್ರಾಕ್ಟ್‌ಗೆ ಹೋಗಬೇಕು, ವಹಿವಾಟು ಮುಗಿಸುವ ಸೆಟಲ್‌ಮೆಂಟ್ ಕಾಂಟ್ರಾಕ್ಟ್‌ಗಲ್ಲ.

ಮತ್ತೆ ಕಳಿಸುವುದು ಏಕೆ ಅಪಾಯ? ಐಡಿಯೊಳಗೆ ಆರ್ಡರ್‌ನ ಹ್ಯಾಶ್, ನಿಮ್ಮ ವಿಳಾಸ, ಗಡುವು ಸೇರಿರುತ್ತವೆ. ಸ್ಕ್ರಿಪ್ಟ್ ಪ್ರತಿಸಲ ಹೊಸ ಗಡುವು ಹಾಕಿದರೆ ಅದು ಹೊಸ ಆರ್ಡರ್, ಹಳೆಯದೂ ಜೀವಂತ. ವಾಲೆಟ್‌ನಲ್ಲಿ 2000 ಯುಎಸ್‌ಡಿಸಿಯೂ ಸಾಕಷ್ಟು ಅಪ್ರೂವಲ್ಲೂ ಇದ್ದರೆ ಎರಡೂ ನಡೆದುಹೋಗಬಹುದು. ಇದು ಪರೀಕ್ಷೆಯಲ್ಲಿ ಕಾಣದೆ ನಿಜವಾದ ಹಣದಲ್ಲಿ ಕಾಣುವ ದೋಷ. ಹಾಗಾಗಿ ಹಳೆಯದರ ಗಡುವು ಮುಗಿದು ‘ಎಕ್ಸ್‌ಪೈರ್ಡ್’ ಎಂದು ಬಂದ ಮೇಲಷ್ಟೇ ಹೊಸ ಕೋಟ್ ಪಡೆಯಿರಿ.

ಕಾಯಲಾಗದಿದ್ದರೆ ಸಹಿ ಮಾಡಿದ ರದ್ದತಿಯನ್ನು ಎಪಿಐಗೆ ಕಳಿಸಬಹುದು, ಅದಕ್ಕೆ ಗ್ಯಾಸ್ ಬೇಕಿಲ್ಲ. ಆದರೆ ಆ ಹೊತ್ತಿಗೆ ಸಾಲ್ವರ್ ಆರ್ಡರನ್ನು ಎತ್ತಿಕೊಂಡಿದ್ದರೆ ರದ್ದತಿ ತಡವಾಗಿರುತ್ತದೆ; ಸ್ಥಿತಿ ‘ಕ್ಯಾನ್ಸಲ್ಡ್’ ಎಂದಿದ್ದರೂ ಬ್ಯಾಲೆನ್ಸ್ ನೋಡಿಯೇ ಮುಂದಿನ ಆರ್ಡರ್‌ಗೆ ಸಹಿ ಹಾಕಿ.