ತಗಡು ಯಾರು ಬೇಕಾದ್ರೂ ಒತ್ತಿ ಕೊಡ್ತಾರೆ, ಬೀಗ ಯಾರು ಹಾಕ್ತಾರೆ?

ಶನಿವಾರಸಂತೆ ಕಡೆಯ ಓದುಗರೊಬ್ಬರು ಎರಡು ಪುಟ ತುಂಬಾ ಬರ್ದಿದ್ದಾರೆ, ಹೆಸರು ಹಾಕ್ಬೇಡಿ ಅಂದಿದ್ದಾರೆ, ಹಾಕಲ್ಲ. ವಿಷಯ ಇಷ್ಟು, ಹಳೆ ಕಾರಿಗೆ ಎಚ್‌ಎಸ್‌ಆರ್‌ಪಿ, ಅಂದ್ರೆ ಸರ್ಕಾರ ಕಡ್ಡಾಯ ಮಾಡಿರೋ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್, ಹಾಕಿಸ್ಬೇಕು. 2012ರ ಪೆಟ್ರೋಲ್ ಕಾರು, ಮೈಸೂರಿನವರ ಹತ್ರ ತಗೊಂಡಿದ್ದು, ಕೆಎ 09 ನಂಬರ್, ಆರ್‌ಸಿ ಇನ್ನೂ ಹಳೆ ಓನರ್ ಹೆಸರಲ್ಲೇ ಇದೆ, ಮೊದಲು ಹೆಸರು ಬದಲಾಯಿಸಿ ಆಮೇಲೆ ಪ್ಲೇಟ್ ಅಂತ ಅಂದ್ಕೊಂಡಿದ್ದಾರೆ. ಸಂತೆಗೆ ಹೋದಾಗ ಸ್ಟಿಕರ್ ಅಂಗಡಿಯವ್ರು "ಹತ್ತು ನಿಮಿಷ ಕೂತ್ಕೊಳಿ ಸಾರ್, ಒತ್ತಿ ಕೊಡ್ತೀನಿ, ಐಎನ್‌ಡಿ ಎಲ್ಲಾ ಇರತ್ತೆ, ಸೇಮ್ ಟು ಸೇಮ್" ಅಂದ್ರಂತೆ. ಆನ್‌ಲೈನಲ್ಲಿ ಬುಕ್ ಮಾಡೋಣ ಅಂದ್ರೆ ಚಾಸಿಸ್ ನಂಬರ್ ತಾಳೆ ಆಗ್ತಿಲ್ಲ ಅಂತ ಬರ್ತಿದೆಯಂತೆ. ಪ್ಲೇಟ್ ಮನೆಗೇ ತಂದ್ಕೊಂಡು ನಾನೇ ಡ್ರಿಲ್ ಹೊಡ್ದು ಸ್ಕ್ರೂ ಹಾಕ್ಕೊಂಡ್ರೆ ಏನ್ ತಪ್ಪು ಅಂತ ಒಂದು ಪ್ರಶ್ನೆ, ತೋಟದ ಜೀಪಿಗೆ ಕನ್ನಡ ಅಂಕಿಲಿ ನಂಬರ್ ಬರೆಸಿದೀನಿ ಅದರ ಕಥೆ ಏನು ಅಂತ ಇನ್ನೊಂದು.

ಅಂಗಡಿಯವ್ರಿಂದ್ಲೇ ಶುರು ಮಾಡ್ತೀನಿ. ಅವ್ರು ಹೇಳಿದ್ದು ಸುಳ್ಳಲ್ಲ, ದೂರದಿಂದ ನೋಡಿದ್ರೆ ಸೇಮೇ. ಅಲ್ಯೂಮಿನಿಯಂ ತಗಡು, ಅಚ್ಚಿಟ್ಟು ಪ್ರೆಸ್‌ನಲ್ಲಿ ಒತ್ತಿದ್ರೆ ಅಕ್ಷರ ಉಬ್ಬತ್ತೆ, ಮೇಲೆ ಕಪ್ಪು ಬಳಿದ್ರೆ ಮುಗೀತು. ಆದ್ರೆ ಉಬ್ಬಿರೋ ಅಕ್ಷರಕ್ಕೆ ಅಲ್ಲ ನೀವು ದುಡ್ಡು ಕೊಡೋದು. ಅಸಲಿ ಪ್ಲೇಟಿನ ಮೇಲ್ಗಡೆ ಎಡ ಮೂಲೆಲಿ ಕ್ರೋಮಿಯಂ ಹೊಲೋಗ್ರಾಂ, ಅಶೋಕ ಚಕ್ರ, 20 ಮಿಮೀ ಉದ್ದ 20 ಅಗಲ. ಅದರ ಕೆಳಗೆ ನೀಲಿ ಐಎನ್‌ಡಿ, ಅದಕ್ಕೂ ಕೆಳಗೆ ಲೇಸರ್‌ನಲ್ಲಿ ಕೆತ್ತಿದ ಒಂದು ನಂಬರ್, ಕಣ್ಣು ಕಿರಿದು ಮಾಡಿ ನೋಡಿದ್ರೆ ಮಾತ್ರ ಕಾಣತ್ತೆ. ಆ ಲೇಸರ್ ನಂಬರ್ ನಿಮ್ಮ ಕಾರಿನ ಹೆಸರಲ್ಲಿ ಸರ್ಕಾರದ ವಾಹನ್ ದಾಖಲೆಗೆ ಹತ್ತತ್ತೆ, ಮುಂದಿನ ಪ್ಲೇಟಿಗೊಂದು ಹಿಂದಿನದಕ್ಕೊಂದು. ಕಪ್ಪು ಅಕ್ಷರದ ಮೇಲೆ ಬೆರಳಾಡಿಸಿ ಓರೆಯಾಗಿ ನೋಡಿ, ಇಂಡಿಯಾ ಅಂತ 45 ಡಿಗ್ರಿ ವಾಲಿಸಿ ಸಣ್ಣದಾಗಿ ಇರತ್ತೆ. ಅಂಗಡಿಯವ್ರು ಹೊಲೋಗ್ರಾಂ ಥರದ ಸ್ಟಿಕರ್ ಅಂಟಿಸ್ಬಹುದು, ಐಎನ್‌ಡಿ ಬರೀಬಹುದು, ದಾಖಲೆಗೆ ಹತ್ತಿಸೋಕೆ ಅವ್ರ ಕೈಲಿ ಆಗಲ್ಲ. ಸಂಪಾಜೆ ಗೇಟಲ್ಲೋ ಮಾಕುಟ್ಟ ಚೆಕ್‌ಪೋಸ್ಟಲ್ಲೋ ಪೊಲೀಸ್ರು ಮೊಬೈಲಲ್ಲಿ ನಂಬರ್ ಹೊಡ್ದು ನೋಡಿದ್ರೆ ನಿಮ್ಮ ಹತ್ತು ನಿಮಿಷದ ಪ್ಲೇಟ್ ಬರೀ ತಗಡು.

ಇದು ನಿನ್ನೆ ಮೊನ್ನೆ ಹುಟ್ಟಿದ ರೂಲ್ ಅಂತ ಅಂದ್ಕೊಂಡಿದ್ದೀರಿ, ಅಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 50ನೇ ನಿಯಮದಲ್ಲಿದೆ, ಎಚ್‌ಎಸ್‌ಆರ್‌ಪಿ ಅನ್ನೋ ಆದೇಶ ಬಂದಿದ್ದೇ 2001ರಲ್ಲಿ. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗೆ ಕಂಪನಿಯವ್ರೇ ಕೊಟ್ರು. ಅದಕ್ಕೂ ಹಳೆ ಗಾಡಿಗಳಿಗೆ ನಮ್ಮ ರಾಜ್ಯ 2023ರ ಆಗಸ್ಟಲ್ಲಿ ಆದೇಶ ಮಾಡ್ತು, 2023ರ ನವೆಂಬರ್ 17 ಕಡೇ ದಿನ ಅಂದ್ರು, ಆಮೇಲೆ 2024ರ ಫೆಬ್ರವರಿ 17, ಆಮೇಲೆ ಮೇ 31, ಆಮೇಲೂ ಮುಂದಕ್ಕೆ. ಹೀಗೆ ತಳ್ತಾ ಹೋದ್ರೆ ಜನ ಆರಾಮಾಗೇ ಇರ್ತಾರೆ, ನಾನೂ ಇದ್ದೆ.

ಚಾಸಿಸ್ ನಂಬರ್ ತಾಳೆ ಆಗದಿರೋದು ಇಡೀ ಕಾಗದದಲ್ಲಿ ದೊಡ್ಡ ವಿಷಯ, ನೀವು ಅದನ್ನ ಒಂದೇ ಸಾಲಲ್ಲಿ ಬರ್ದು ಬಿಟ್ಟಿದ್ದೀರಿ. ಬುಕ್ ಮಾಡೋವಾಗ ರಿಜಿಸ್ಟ್ರೇಷನ್ ನಂಬರ್, ಚಾಸಿಸ್, ಎಂಜಿನ್ ನಂಬರ್ ಕೇಳ್ತಾರೆ, ಮೂರೂ ವಾಹನ್‌ನಲ್ಲಿ ಇರೋದಕ್ಕೆ ಕೂಡ್ಬೇಕು. ಮೊದಲು ನೀವೇ ತಪ್ಪು ಓದಿದ್ದೀರಾ ನೋಡ್ಕೊಳಿ, 17 ಅಕ್ಷರದ ಚಾಸಿಸ್ ನಂಬರಲ್ಲಿ ಇಂಗ್ಲಿಷ್ ಓ, ಐ, ಕ್ಯೂ ಮೂರೂ ಇರೋದೇ ಇಲ್ಲ, ಓ ಥರ ಕಂಡ್ರೆ ಅದು ಸೊನ್ನೆ, ಐ ಥರ ಕಂಡ್ರೆ ಒಂದು. ಆರ್‌ಸಿ ಲ್ಯಾಮಿನೇಷನ್ ಮಾಸಿದ್ರೆ ಬಾನೆಟ್ ಎತ್ತಿ ಗಾಡಿ ಮೇಲೇ ಕೆತ್ತಿರೋದನ್ನ ಟಾರ್ಚ್ ಹಾಕಿ ಓದಿ, ಅದೇ ನಿಜ. ಆಗ್ಲೂ ಕೂಡ್ಲಿಲ್ಲ ಅಂದ್ರೆ ದಾಖಲೆಲೇ ತಪ್ಪಿದೆ, ಆರ್‌ಟಿಓಗೆ ಹೋಗಿ ಸರಿ ಮಾಡಿಸ್ಬೇಕು, ಬೇರೆ ದಾರಿ ಇಲ್ಲ. ಇನ್ನೊಂದು, ನಂಬರ್ ಕೆಎ 09 ಇದ್ರೂ ಚಿಂತೆ ಬೇಡ, ರಾಜ್ಯದೊಳಗೇ ಇರೋದ್ರಿಂದ ಕೊಡಗಿನ ಕೆಎ 12 ಮಾಡಿಸೋ ಅಗತ್ಯ ಇಲ್ಲ, ಅದೇ ನಂಬರ್ ಇರತ್ತೆ, ಹೆಸರು ವಿಳಾಸ ಮಾತ್ರ ಬದಲಾಗ್ಬೇಕು. ಆದ್ರೆ ನೀವು ಅಂದ್ಕೊಂಡಿರೋ ಹಾಗೆ ಮೊದಲು ಹೆಸರು ಬದಲಾಯಿಸಿ ಆಮೇಲೆ ಪ್ಲೇಟ್ ಅಂತ ಹೋದ್ರೆ ಸಿಕ್ಕಾಕ್ಕೊಳ್ತೀರಿ, 2023ರ ಆ ಆದೇಶದ ಪ್ರಕಾರ ಎಚ್‌ಎಸ್‌ಆರ್‌ಪಿ ಹಾಕದ ಗಾಡಿಗೆ ಓನರ್ ಬದಲಾವಣೆ, ವಿಳಾಸ ಬದಲಾವಣೆ ಯಾವುದೂ ಮಾಡಲ್ಲ. ಪ್ಲೇಟ್ ಮೊದಲು, ಹೆಸರು ಆಮೇಲೆ. ಹಳೆ ಓನರ್ ಫೋನ್ ನಂಬರ್ ಕಳ್ಕೊಂಡಿಲ್ಲ ತಾನೆ?

ಈಗ ಡ್ರಿಲ್. ಬೇಡ ಮಾರಾಯ್ರೆ. ನಾನು ಹೇಳೋದು ಬರೀ ಕಾನೂನಿಗೆ ಹೆದರಿ ಅಲ್ಲ. ಅಸಲಿ ಪ್ಲೇಟಿಗೆ ಸ್ನ್ಯಾಪ್ ಲಾಕ್ ಹಾಕ್ತಾರೆ, ಒಂದ್ಸಲ ಒಳಗೆ ಹೋಗಿ ಕೂತ್ರೆ ಬಿಚ್ಚೋಕಾಗಲ್ಲ, ಮುರೀಬೇಕು, ಮುರಿದ್ರೆ ಮತ್ತೆ ಹಾಕೋಕಾಗಲ್ಲ. ಕಳ್ಳ ನಿಮ್ಮ ಪ್ಲೇಟ್ ಬಿಚ್ಚಿ ಇನ್ನೊಂದು ಗಾಡಿಗೆ ಹಾಕ್ಬಾರ್ದು ಅಂತ ಇಡೀ ವ್ಯವಸ್ಥೆ ಮಾಡಿರೋದೇ ಆ ಬೀಗಕ್ಕೋಸ್ಕರ. ಸ್ಕ್ರೂಡ್ರೈವರಲ್ಲಿ ಬಿಚ್ಚೋ ಹಾಗಿದ್ರೆ ಲೇಸರ್ ನಂಬರ್ ಇದ್ದೇನು ಬಿಟ್ಟೇನು.

ನನ್ನ ಕಥೆ ಕೇಳಿ, ಹೇಳ್ಕೊಳ್ಳೋಕೆ ನಾಚಿಕೆ ಆದ್ರೂ ಹೇಳ್ತೀನಿ. ಮುಂದಿನ ಬಂಪರ್ ಮೊದಲೇ ಒಂದ್ಸಲ ತೋಟದ ಗೇಟಿಗೆ ತಾಗಿ ಪ್ಲೇಟ್ ಕೂರೋ ಜಾಗ ಸೀಳಿತ್ತು. ಫಿಟ್ ಮಾಡಿದ ಹುಡುಗ ಇದು ನಿಲ್ಲಲ್ಲ ಸಾರ್ ಅಂದ, ನಾನೇ ಏನಾಗಲ್ಲ ಹಾಕಪ್ಪ ಅಂದೆ, ಮನೆಗೆ ಬಂದು ಅಲ್ಲಾಡ್ತಿದ್ದ ಕಡೆ ಕೇಬಲ್ ಟೈ ಬಿಗಿದೆ, ಜಾಣತನ. ಆ ಮಳೆಗಾಲ ಭಾಗಮಂಡಲದ ಹತ್ರ ರಸ್ತೆ ಮೇಲೆ ನೀರು ಬಂದಿತ್ತು, ಎರಡು ಗಾಡಿ ದಾಟಿದ್ವಲ್ಲ ಅಂತ ನಾನೂ ದಾಟಿದೆ, ಈಚೆ ಬಂದು ಇಳಿದು ನೋಡಿದ್ರೆ ಮುಂದೆ ಪ್ಲೇಟೇ ಇಲ್ಲ, ಕಾವೇರಮ್ಮನಿಗೆ ಸಮರ್ಪಯಾಮಿ. ಆಮೇಲೆ ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟು, ಆ ಕಾಗದ ಇಟ್ಕೊಂಡು ಮತ್ತೆ ಬುಕ್ ಮಾಡಿ, ಮತ್ತೆ ದುಡ್ಡು ಕಟ್ಟಿ, ಮನೆಯವ್ರ ಕೈಲಿ ಬೈಸ್ಕೊಂಡೆ.

ಅದ್ರಿಂದ ಅಪಾಯಿಂಟ್‌ಮೆಂಟ್‌ಗೆ ಹೋಗೋ ಮುಂಚೆ ಬಂಪರ್ ನೋಡ್ಕೊಳಿ, ಒಡ್ದಿದ್ರೆ ರಿಪೇರಿ ಮಾಡಿಸ್ಕೊಂಡೇ ಹೋಗಿ. ಕಾರಿಗೆ 500 ಮಿಮೀ ಉದ್ದ 120 ಮಿಮೀ ಅಗಲದ ಪ್ಲೇಟು, ಕೆಲವು ಗಾಡಿಗೆ 340ಕ್ಕೆ 200, ಹಳೆ ಫ್ಯಾನ್ಸಿ ಫ್ರೇಮ್ ಇದ್ರೆ ಅದು ಅಡ್ಡ ಬರತ್ತೆ, ಹಿಂದಿನ ದಿನವೇ ಕಳಚಿ ಕೆಸರು ತೊಳೀರಿ. ಬಂಪರ್ ಬಾಗಿದೆ ಅಂತ ಪ್ಲೇಟನ್ನ ಮೊಣಕಾಲಿಗೆ ಕೊಟ್ಟು ಬಗ್ಗಿಸೋಕೆ ಬಿಡ್ಬೇಡಿ, ಮೇಲಿನ ಹೊಳೆಯೋ ಶೀಟು ಸುಕ್ಕು ಬೀಳತ್ತೆ. ಹಿಂದೆ ಡಿಕ್ಕಿ ಬಾಗಿಲಿಗೆ ಹೊಸ ತೂತು ಹೊಡೀಬೇಕಾದ್ರೆ ನಂಬರ್ ಲೈಟಿನ ವೈರ್ ಎಲ್ಲಿ ಹೋಗಿದೆ ಅಂತ ಒಳಗಿಂದ ನೋಡಿ ಅಂತ ಹೇಳಿ, ತೂತಿನ ಅಂಚಿಗೆ ಒಂದು ಹನಿ ಪೇಂಟ್ ಹಚ್ಚಿಸಿ. ಬೇರೆ ಊರಲ್ಲಿ ನಡೆಯತ್ತೆ, ನಮ್ಮಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಬಿಡದೆ ಸುರಿಯೋ ಮಳೆಗೆ ಬರೀ ಕಬ್ಬಿಣದ ಅಂಚು ಒಂದೇ ವರ್ಷಕ್ಕೆ ತುಕ್ಕು ಹಿಡಿದು ಕೆಂಪು ಗೆರೆ ಇಳಿಯತ್ತೆ. ಆಮೇಲೆ ಸರ್ವಿಸ್ ಸ್ಟೇಷನಲ್ಲಿ ಪ್ರೆಶರ್ ಪೈಪನ್ನ ಹತ್ರದಿಂದ ಅಕ್ಷರಕ್ಕೇ ಹಿಡಿಯೋಕೆ ಬಿಡ್ಬೇಡಿ, ಕಪ್ಪು ಫಿಲ್ಮ್ ಏಳತ್ತೆ, ಥಿನ್ನರ್ ಸೀಮೆಎಣ್ಣೆ ಅಂತೂ ತೋರಿಸ್ಲೇಬೇಡಿ. ಹೊಳೆಯೋ ಶೀಟಿಗೆ ಕನಿಷ್ಠ 5 ವರ್ಷದ ಗ್ಯಾರಂಟಿ ಅಂತ ನಿಯಮದಲ್ಲೇ ಇದೆ, ರಸೀದಿ ಎತ್ತಿಡಿ.

ಬುಕ್ ಮಾಡೋವಾಗ ಸಾರಿಗೆ ಇಲಾಖೆ ವೆಬ್‌ಸೈಟಿಂದಲೇ ಒಳಗೆ ಹೋಗಿ, ಹುಡುಕಿದಾಗ ಮೇಲೆ ಬರೋ ಲಿಂಕೆಲ್ಲ ಒತ್ಬೇಡಿ, ನಕಲಿ ಸೈಟುಗಳಿವೆ. ದುಡ್ಡು ಆನ್‌ಲೈನಲ್ಲೇ, ಕಾರಿಗೆ ಆರೇಳುನೂರರ ಸುತ್ತಮುತ್ತ, ಫಿಟ್ ಮಾಡೋ ಜಾಗದಲ್ಲಿ ಕೈಗೆ ಕಾಸು ಕೇಳಿದ್ರೆ ಕೊಡ್ಬೇಡಿ. ಸೆಂಟರ್ ಆರಿಸೋವಾಗ ಕುಶಾಲನಗರ ಮಾತ್ರ ನೋಡ್ಬೇಡಿ, ನಿಮ್ಮೂರಿಗೆ ಹಾಸನ ಜಿಲ್ಲೆ ಪಕ್ಕದಲ್ಲೇ ಇದೆಯಲ್ಲ. ಎರಡು ಪ್ಲೇಟ್ ಜೊತೆ ಮುಂದಿನ ಗಾಜಿಗೆ ಒಳಗಿಂದ ಅಂಟಿಸೋ ಮೂರನೇ ಸ್ಟಿಕರ್ ಕೊಡ್ಬೇಕು, ಪೆಟ್ರೋಲಿಗೆ ತಿಳಿ ನೀಲಿ, ಡೀಸೆಲ್ಲಿಗೆ ಕಿತ್ತಳೆ, ಕೇಳಿ ಇಸ್ಕೊಳಿ, ಎಷ್ಟೋ ಜನ ಮರ್ತು ಬರ್ತಾರೆ.

ಜೀಪಿನ ವಿಷಯ ನನಗೂ ಬೇಜಾರೇ. ಕನ್ನಡ ಪತ್ರಿಕೆ ಸಂಪಾದಕನ ಬಾಯಲ್ಲಿ ಕನ್ನಡ ಅಂಕಿ ತೆಗೀರಿ ಅಂತ ಬರ್ಬೇಕಲ್ಲ, ಕೆಂಪು ಜೀಪಿನ ಮೇಲೆ ಆ ಗುಂಡು ಗುಂಡು ಅಂಕಿ ಎಷ್ಟು ಚೆಂದ ಕಾಣತ್ತೆ. ಆದ್ರೆ ನಿಯಮ ಇಂಗ್ಲಿಷ್ ಅಕ್ಷರ, ಇಂಗ್ಲಿಷ್ ಅಂಕಿ ಅಂತಲೇ ಇದೆ, ಕಾರು ಜೀಪಿಗೆ ಅಕ್ಷರದ ಎತ್ತರ 65 ಮಿಮೀ, ದಪ್ಪ 10, ನಡುವಿನ ಜಾಗ 10. ಪ್ಲೇಟಿನ ಮೇಲೆ ಮನೆತನದ ಹೆಸರು, ಕೊಡವರ ಪೀಚೆಕತ್ತಿ ಚಿತ್ರ ಯಾವುದಕ್ಕೂ ಜಾಗ ಇಲ್ಲ, ಪೀಚೆಕತ್ತಿ ಬೇಕಂದ್ರೆ ಹಿಂದಿನ ಗಾಜಿಗೆ ಅಂಟಿಸ್ಕೊಳಿ. ಕನ್ನಡ ಅಂಕಿ ಬರೆದ ಹಳೆ ತಗಡನ್ನ ಬಿಸಾಕ್ಬೇಡಿ, ಕಾಫಿ ಕಣದ ಶೆಡ್ಡಿನ ಬಾಗಿಲಿಗೆ ಹೊಡೀರಿ.

ಜೀಪು ಯಾವ ವರ್ಷದ್ದು ಅಂತ ನೀವು ಬರೀಲೇ ಇಲ್ಲ. ಪುಸ್ತಕದ ಆರ್‌ಸಿ ಇರೋ ಕಾಲದ್ದಾದ್ರೆ ವಾಹನ್‌ನಲ್ಲಿ ಅದರ ವಿವರವೇ ಹತ್ತಿರ್ಲಿಕ್ಕಿಲ್ಲ, ಹಾಗಿದ್ರೆ ಪ್ಲೇಟ್ ಬುಕ್ಕೇ ಆಗಲ್ಲ. ಮೊದಲು ಮಡಿಕೇರಿ ಆರ್‌ಟಿಓದಲ್ಲಿ ಬ್ಯಾಕ್‌ಲಾಗ್ ಎಂಟ್ರಿ, ಅಂದ್ರೆ ಹಳೆ ಗಾಡಿ ವಿವರ ವಾಹನ್‌ಗೆ ಹತ್ತಿಸೋದು, ಮಾಡಿಸ್ಬೇಕು, ಒರಿಜಿನಲ್ ಆರ್‌ಸಿ ಪುಸ್ತಕ, ಇನ್ಶೂರೆನ್ಸ್, ಪೆನ್ಸಿಲ್ ಉಜ್ಜಿ ತೆಗೆದ ಚಾಸಿಸ್ ಪ್ರಿಂಟ್ ಇಟ್ಕೊಂಡು ಹೋಗಿ. ಶುಕ್ರವಾರ ಬೇಡ, ಮಡಿಕೇರಿ ಸಂತೆ, ಗಾಡಿ ನಿಲ್ಸೋಕೆ ಜಾಗ ಸಿಗಲ್ಲ.